ನಾಲ್ಕು ಹತ್ತರ ಗಾಡಿ

ಕೋಲ್ಕತ್ತಾದ ಚಳಿ ಹೇಳಿಕೊಳ್ಳುವಂಥದ್ದೇನೂ ಅಲ್ಲ. ಆದರೂ ಡಿಸೆಂಬರ್ ಬಂತೆಂದರೆ ನಮ್ಮ ಬೆಹಾಲಾದ ಬೀದಿಯ ಜನ ಮಂಕಿಟೋಪಿ ಹಾಕಿಕೊಂಡು ಹಿಮಾಲಯ ಹತ್ತುವವರಂತೆ ಮೀನು ತರಲು ಹೊರಡುತ್ತಾರೆ. ಮೂವತ್ತು ವರ್ಷ ಇಲ್ಲಿದ್ದು ನನಗೂ ಆ ರೋಗ ಅಂಟಿದೆ. ಮೊನ್ನೆ ಬೆಳಿಗ್ಗೆ ಶಾಲು ಹುಡುಕಲು ಟ್ರಂಕು ತೆಗೆದೆ. ನುಸಿಗುಳಿಗೆಯ ಘಾಟು ಮೂಗಿಗೆ ಬಡಿಯಿತು. ಹೆಂಡತಿಯ ಕಂದು ಶಾಲು ಎತ್ತಿದೆ, ಮಡಿಸಿದ ಹಾಳೆಯೊಂದು ಕಾಲ ಮೇಲೆ ಬಿತ್ತು.

ಬಿಡಿಸುವ ಅಗತ್ಯವಿರಲಿಲ್ಲ. ಹದಿನೆಂಟು ವರ್ಷದ ಹಿಂದೆ ಇದೇ ಹಾಳೆ ಇದೇ ಶಾಲಿನಿಂದ ಬಿದ್ದಿತ್ತು.

ನನ್ನ ಕೆಲಸ ಎಂಥದ್ದೆಂದು ನಿಮಗೆ ಮೊದಲು ಹೇಳಬೇಕು, ಇಲ್ಲದಿದ್ದರೆ ನನ್ನನ್ನು ಬರೀ ಕೆಟ್ಟವನೆಂದುಕೊಳ್ಳುತ್ತೀರಿ. ನಾನು ರೈಲುಗಳ ವೇಳೆ ನೋಡಿಕೊಳ್ಳುವ ಕಚೇರಿಯಲ್ಲಿದ್ದೆ. ಗಾಡಿ ತಡವಾದರೆ ತಡವಾದ ಪ್ರತಿ ನಿಮಿಷವನ್ನೂ ಯಾರಾದರೊಬ್ಬರ ತಲೆಗೆ ಕಟ್ಟಬೇಕು: ಸಿಗ್ನಲ್‌ನವರೋ, ಎಂಜಿನ್‌ನವರೋ, ಹಳಿಯವರೋ. ಯಾರದೂ ಅಲ್ಲದ ನಿಮಿಷ ಎಂಬುದು ನಮ್ಮಲ್ಲಿ ಇಲ್ಲವೇ ಇಲ್ಲ. ಇಂಥ ಬುದ್ಧಿಯವನ ಕೈಗೆ ಒಂದು ಪ್ರೇಮಕವಿತೆ ಸಿಕ್ಕಿದರೆ ಏನಾದೀತು ಹೇಳಿ! ಅದೂ ನವ್ಯ ಕವಿತೆ, ಪ್ರಾಸವಿಲ್ಲ, ಬರೆದವರ ಹೆಸರಿಲ್ಲ:

ನಾಲ್ಕು ಹತ್ತು.
ಮಣ್ಣಿನ ಕುಡಿಕೆಯಲ್ಲಿ ಚಹಾ ಕೆನೆಗಟ್ಟಿದೆ.
ಮುಳ್ಳು ನನ್ನನ್ನು ನೋಡುತ್ತಿದೆ, ನಾನು ಮುಳ್ಳನ್ನು;
ಇಬ್ಬರಲ್ಲಿ ಯಾರೂ ಕದಲುತ್ತಿಲ್ಲ.
ನೀನು ಬಂದೆ.
ಬಂದು, ಮೊದಲು ಕೇಳಿದ್ದು ಗಂಟೆ.

ಹೆಸರಿಲ್ಲದಿದ್ದರೇನು, ಅಕ್ಷರ ನನಗೆ ಗೊತ್ತಿತ್ತು. ಮಹಾಂತೇಶನದು. ಧಾರವಾಡದ ಹುಡುಗ, ಇಲ್ಲಿ ಸಂಶೋಧನೆಗೆ ಬಂದವನು, ಭಾನುವಾರ ನಮ್ಮ ಮನೆಯ ಸಾರು-ಅನ್ನಕ್ಕೆ ತಪ್ಪದ ಅತಿಥಿ. ನಮ್ಮ ಕನ್ನಡ ಸಂಘದ ಕೈಬರಹದ ಪತ್ರಿಕೆ ಮೊದಲ ಪುಟದಿಂದ ಕೊನೆಯವರೆಗೂ ಅವನ ಮುತ್ತಿನಂಥ ಅಕ್ಷರದಲ್ಲೇ ಬರುತ್ತಿತ್ತು. ಗುರುತು ತಪ್ಪುವುದುಂಟೇ? ಗಡಿಯಾರದ ಮುಳ್ಳು, ಕುಡಿಕೆಯ ಚಹಾ, ಕಾಯುವುದು ಎಂದರೆ ರೈಲ್ವೆಯವನಿಗೆ ಸ್ಟೇಷನ್ನಲ್ಲದೆ ಇನ್ನೇನು? ನನ್ನ ವಿಮಲಾ, ಅವನು, ಯಾವುದೋ ಪ್ಲಾಟ್‌ಫಾರ್ಮು!

ವೇಳಾಪಟ್ಟಿ ತೆಗೆದು ನೋಡಿದೆ. ನಾಲ್ಕು ಹತ್ತಕ್ಕೆ ದೂರದ ಯಾವ ಗಾಡಿಯೂ ಇಲ್ಲ. ಹಾಗಾದರೆ ಇವರು ಅಲ್ಲಿಗೆ ಹೋದದ್ದು ಗಾಡಿಗಾಗಿ ಅಲ್ಲ! ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅನ್ನುತ್ತಾರಲ್ಲ, ನನಗೆ ವೇಳಾಪಟ್ಟಿಯೂ ಹಳದಿಯಾಗಿತ್ತು. ಹಾಳೆಯನ್ನು ಇದ್ದಲ್ಲೇ ಇಟ್ಟೆ. ಇಡುವ ಮೊದಲು ಕವಿತೆಯನ್ನು ಬರೆದುಕೊಂಡೆ.

ಆ ಭಾನುವಾರ ಊಟವಾದ ಮೇಲೆ ನನ್ನ ಪ್ರತಿಯನ್ನು ಮಹಾಂತೇಶನ ಮುಂದೆ ಚಾಚಿದೆ. ಆಫೀಸಿನಲ್ಲಿ ಯಾರೋ ಕೊಟ್ಟರು, ಅರ್ಥ ಹೇಳಪ್ಪ ಎಂದೆ. ಅವನ ಕಿವಿ ಕೆಂಪಾಯಿತು. ಅಡುಗೆಮನೆಯ ಕಡೆ ಒಮ್ಮೆ ನೋಡಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂದುಕೊಂಡೆ.

"ಸರ, ಇಲ್ಲಿ ಟೈಮ್ ತಾನಾಗೇ ನಿಂತಿಲ್ರಿ. ಕಾಯೋ ಜೀವ ಅದನ್ನ ಬಿಗಿಯಾಗಿ ಹಿಡ್ಕೊಂಡು ಕುಂತೈತಿ," ಎಂದ. "ಬಂದವ್ರು ಗಡಿಯಾರ ವಿಚಾರಿಸಿದ್ರು, ಕಾದವ್ರ ಮುಖ ನೋಡಲಿಲ್ಲ. ಅಲ್ಲೇ ಐತ್ರಿ ಕವಿತಾದ ನೋವು."

"ಇದರಲ್ಲಿ ಪ್ರೇಮ ಎಲ್ಲಿದೆ?"

"ಎದ್ದು ಹೋಗಲಿಲ್ಲಲ್ರೀ ಸರ. ಅಷ್ಟು ಹೊತ್ತು ಕಾದಾರ!"

"ಬರೆದವರು ಯಾರಿರಬಹುದು?"

"ಅದನ್ನ ನನ್ನ ಬಾಯಿಂದ ಕೇಳಬ್ಯಾಡ್ರಿ."

ಇನ್ನೇನು ಸಾಕ್ಷಿ ಬೇಕು! ಮುಂದಿನ ವಾರದಿಂದ ಭಾನುವಾರ ನಮಗೆ ಬೇರೆ ಕೆಲಸಗಳಿವೆ ಎಂದು ಅವನನ್ನು ಬಾಗಿಲಲ್ಲೇ ಸಾಗಹಾಕಿದೆ. ಎರಡು ಸಲ ಬಂದ, ಮೂರನೆಯ ಸಲ ಬರಲಿಲ್ಲ. ಓದು ಮುಗಿಸಿ ಊರು ಬಿಟ್ಟನೆಂದು ಸಂಘದವರು ಹೇಳಿದರು. ವಿಮಲಾ ಒಂದು ಮಾತೂ ಆಡಲಿಲ್ಲ. ಆ ಮೌನವನ್ನೂ ನಾನು ಅವಳ ವಿರುದ್ಧವೇ ಬರೆದುಕೊಂಡೆ. ಹದಿನೆಂಟು ವರ್ಷ ಒಂದೇ ಮನೆಯಲ್ಲಿ ಉಂಡೆವು, ನಕ್ಕೆವು, ದುರ್ಗಾಪೂಜೆಯ ಪೆಂಡಾಲು ಸುತ್ತಿದೆವು. ಅವಳು ಕಿಟಕಿಯ ಹತ್ತಿರ ಸುಮ್ಮನೆ ನಿಂತಾಗೆಲ್ಲ, ಯಾರನ್ನು ನೆನೆಯುತ್ತಿದ್ದಾಳೋ ಎಂದು ನನ್ನೊಳಗಿನ ಇಲಿ ಕೆರೆಯುತ್ತಿತ್ತು.

ಮೊನ್ನೆ ಮಾತ್ರ ಹಾಳೆ ಹಿಡಿದು ನೇರ ಅಡುಗೆಮನೆಗೆ ಹೋದೆ. ನಿವೃತ್ತನಾದವನಿಗೆ ಮರ್ಯಾದೆಯ ಭಯ ಕಡಿಮೆ.

"ಇದು ಮಹಾಂತೇಶ ಬರೆದದ್ದು ತಾನೇ?"

ವಿಮಲಾ ಹುರುಳಿಕಾಯಿ ಹೆಚ್ಚುತ್ತಿದ್ದಳು. ಕೈ ನಿಲ್ಲಿಸಲಿಲ್ಲ. "ಅಕ್ಷರ ಅವನದು. ಪತ್ರಿಕೆಗೆ ಎಲ್ಲರದ್ದನ್ನೂ ನಕಲು ಮಾಡ್ತಿದ್ದವನು ಅವನೇ ಅಲ್ವಾ? ನಿಮ್ಮ ಪುರಿ ಪ್ರವಾಸದ ಲೇಖನಾನೂ ಅವನ ಅಕ್ಷರದಲ್ಲೇ ಬಂದಿತ್ತು. ಅದನ್ನೂ ಅವನೇ ಬರೆದದ್ದಾ?"

ನಾನು ಪೆಚ್ಚಾದೆ. ಆದರೂ ಬಿಡಲಿಲ್ಲ. "ನಾಲ್ಕು ಹತ್ತಕ್ಕೆ ಯಾವ ಗಾಡೀನೂ ಇಲ್ಲ."

"ನಿಮ್ಮ ಪುಸ್ತಕದಲ್ಲಿ ಇಲ್ಲ. ಮದುವೆಯಾಗಿ ನಾನು ಮೊದಲ ಸಲ ಈ ಊರಿಗೆ ಒಬ್ಬಳೇ ಬಂದ ಗಾಡಿ ಅದು. ಮೂರು ಇಪ್ಪತ್ತಕ್ಕೆ ಬರಬೇಕಿತ್ತು. ತಡ ಇದೆ, ಐದಾಗುತ್ತೆ ಅಂತ ಲೆಕ್ಕ ಹಾಕಿ ನೀವು ಐದಕ್ಕೆ ಬಂದ್ರಿ. ಅದು ನಾಲ್ಕು ಹತ್ತಕ್ಕೇ ಬಂದುಬಿಟ್ಟಿತ್ತು. ಗೊತ್ತಿರೋ ಒಂದು ಮುಖ ಇಲ್ಲ, ಭಾಷೆ ಬರಲ್ಲ. ಗಡಿಯಾರ ನೋಡ್ಕೊಂಡು ಕೂತಿದ್ದೆ. ಬಂದವರು ಏನು ಕೇಳಿದ್ರಿ, ಜ್ಞಾಪಕ ಇದೆಯಾ?"

ಇತ್ತು. ಅಯ್ಯೋ ದೇವರೇ, ಚೆನ್ನಾಗಿ ಜ್ಞಾಪಕವಿತ್ತು. 'ಗಾಡಿ ಎಷ್ಟು ಗಂಟೆಗೆ ಬಂತು?'

"ನೀನು ಬರೆದದ್ದಾದರೆ ಮತ್ತೆ ಪತ್ರಿಕೆಗೆ ಯಾಕೆ ಕೊಡಲಿಲ್ಲ?"

"ಕೊಡೋಳಿದ್ದೆ. ನೀವು ಅವನನ್ನ ಬಾಗಿಲಿಂದ ಕಳಿಸಿದಾಗಲೇ ನನಗೆ ಗೊತ್ತಾಯ್ತು, ನೀವು ಇದನ್ನ ಓದಿದ್ದೀರಿ ಅಂತ."

"ಗೊತ್ತಿದ್ದೂ ಹೇಳಲಿಲ್ವೇ ನೀನು?"

"ಕೇಳ್ತೀರಿ ಅಂತ ಕಾಯ್ತಿದ್ದೆ."

ಆಮೇಲೆ ಬೇರೆ ಏನಾದರೂ ಬರೆದೆಯಾ ಎಂದೆ. "ಇಲ್ಲ. ಓದೋನು ಅವನೊಬ್ಬ ಇದ್ದ," ಎಂದಳು, ಅಷ್ಟೇ. ನನಗೆ ನಾಚಿಕೆಯಾಯಿತು, ಅಳುವೂ ಬಂತು. ಐವತ್ತು ನಿಮಿಷ, ಮತ್ತೆ ಹದಿನೆಂಟು ವರ್ಷ. ಯಾರ ತಲೆಗೆ ಕಟ್ಟಬೇಕೆಂದು ನೋಡಲು ಯಾವ ನಿಯಮದ ಪುಸ್ತಕವೂ ಬೇಕಿರಲಿಲ್ಲ.

ಮಣೆ ಎಳೆದುಕೊಂಡು ಅವಳೆದುರು ಕೂತೆ. "ನೀನೇ ಓದು, ಕೇಳ್ತೀನಿ," ಎಂದೆ. ಅವಳು ಕೈ ಒರೆಸಿಕೊಂಡು ನನ್ನನ್ನು ಬಹಳ ಹೊತ್ತು ಅನುಮಾನದಿಂದ ನೋಡಿದಳು. ಆಮೇಲೆ ಓದತೊಡಗಿದಳು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಮುಗಿದಾಗ ಹುರುಳಿಕಾಯಿ ಅರ್ಧ ಹೆಚ್ಚಿ ಬಿದ್ದಿತ್ತು, ಒಲೆಯ ಮೇಲಿನ ಚಹಾ ಕೆನೆಗಟ್ಟಿತ್ತು. ಗಂಟೆ ಎಷ್ಟಾಗಿತ್ತೋ, ನಾನು ನೋಡಲಿಲ್ಲ.