ಅವ್ವ ನೋಡುತ್ತಿದ್ದ ಛಾವಣಿ

ಧಾರವಾಡದಲ್ಲಿ ಮಂದಿ ಮನೆಯ ನೆಲ ಒರೆಸಿ ಅವ್ವ ನನ್ನನ್ನು ಓದಿಸಿದಳು. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಈ ಮಾತನ್ನು ಇವತ್ತಿಗೂ ಸಂಕೋಚವಿಲ್ಲದೆ ಹೇಳುತ್ತೇನೆ, ಅದು ಸುಮ್ಮನೆ ಬಂದದ್ದಲ್ಲ.

ತೊಂಬತ್ತರ ದಶಕದ ಆರಂಭದಲ್ಲಿ ಕೊಚ್ಚಿಯ ಅಂಬಲಮುಗಳ್ ಕಡೆ ಒಂದು ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಅವ್ವನನ್ನೂ ಕರೆದುಕೊಂಡು ಹೋದೆ. ಬಾಡಿಗೆ ಮನೆಯ ಮಲಗುವ ಕೋಣೆಯಲ್ಲಿ ಬರೀ ಸಿಮೆಂಟಿನ ನೆಲ. ಅವ್ವ ಅದಕ್ಕೆ ತಾನೇ ಕೆಂಪು ಬಣ್ಣ ಹೊಡೆದಳು. ಅದು ಒಣಗಿದ ಮೇಲೆ ಬೆರಳ ಸಂದಿಯಲ್ಲಿ ಚಿಂದಿ ಬಟ್ಟೆ ಹಿಡಿದು, ಬಿಳಿ ಪೇಂಟಿನಲ್ಲಿ ಅದ್ದಿ, ಸುತ್ತಲೂ ಬಳ್ಳಿಯ ಅಂಚು ಬರೆದಳು. ನಡುವಿನ ಜಾಗ ಮಾತ್ರ ಖಾಲಿ. ದಿನಾ ಬೆಳಿಗ್ಗೆ ಅಲ್ಲಿ ನೆಲ ಒರೆಸಿ ಪುಡಿಯ ರಂಗೋಲಿ ಹಾಕುತ್ತಿದ್ದಳು.

“ಮಲಗೂ ಖೋಲ್ಯಾಗ ಯಾರವ್ವ ರಂಗೋಲಿ ಹಾಕ್ತಾರ?” ಎಂದರೆ, “ನಾ ಹಾಕ್ತೀನಿ. ಮಂದಿ ಮನ್ಯಾಗ ಬಾಗಿಲ ಹೊರಗಷ್ಟ ಹಾಕ್ತಿದ್ದೆ. ಇದು ನನ್ನ ಮನಿ,” ಎನ್ನುತ್ತಿದ್ದಳು.

ಆ ಮನೆಯಲ್ಲಿ ಹೆಚ್ಚು ದಿನ ಇರಲಾಗಲಿಲ್ಲ. ಅವ್ವನ ಬೆನ್ನುಮೂಳೆಯಲ್ಲಿ ಗಡ್ಡೆ ಕಾಣಿಸಿತು. ದೊಡ್ಡ ಆಸ್ಪತ್ರೆ ತಿರುವನಂತಪುರದಲ್ಲಿತ್ತು. ನಾನು ಕೊಚ್ಚಿಯ ಕೆಲಸ ಬಿಟ್ಟು, ಅದಕ್ಕಿಂತ ಸಣ್ಣದೊಂದು ಕೆಲಸ ಹಿಡಿದು, ಅಲ್ಲಿಯ ಶ್ರೀಕಾರ್ಯಂನಲ್ಲಿ ಒಂದು ಮಹಡಿ ಮನೆ ಬಾಡಿಗೆಗೆ ತೆಗೆದುಕೊಂಡೆ. ಅಷ್ಟರಲ್ಲಿ ಅವ್ವ ಮಗ್ಗುಲು ತಿರುಗಲೂ ಆಗದಂತಾಗಿದ್ದಳು. ಅಂಗಾತ ಮಲಗಿ ಮೇಲೆ ನೋಡುವುದೊಂದೇ.

“ಏನ ಕಾಣತೈತವ್ವ ಅಲ್ಲೆ?”

“ಏನೂ ಇಲ್ಲ. ಅದನ್ನ ನೋಡಾಕತ್ತೀನಿ.”

ನೆಲವಿಲ್ಲದಿದ್ದರೆ ಛಾವಣಿಗಾದರೂ ರಂಗೋಲಿ ಬರೆಯೋಣ ಎಂದು ನನಗೆ ಹೊಳೆದದ್ದು ಆಗ. ಕೆಳಗಿನ ಮನೆಯಲ್ಲಿದ್ದ ಒಡತಿಯನ್ನು ಕೇಳಿದೆ. ಅವರನ್ನು ನಾನು ಚೇಚಿ, ಅಂದರೆ ಅಕ್ಕ, ಎನ್ನುತ್ತಿದ್ದೆ. ಅವರು ಒಪ್ಪಿದ್ದಲ್ಲದೆ ಒಂದು ಎತ್ತರದ ಸ್ಟೂಲನ್ನೂ ಹೊತ್ತು ತಂದರು.

ಹೂವಿನ ಅಚ್ಚು ಕತ್ತರಿಸಲು ಗಟ್ಟಿ ಹಾಳೆ ಬೇಕಿತ್ತು. ಪೇಂಟರುಗಳು ಹಳೆಯ ಎಕ್ಸ್‌ರೇ ಫಿಲ್ಮ್ ಬಳಸುತ್ತಾರೆಂದು ಗೊತ್ತಿತ್ತು. ನಮ್ಮ ಮನೆಯಲ್ಲಿ ಅದಕ್ಕೇನು ಬರ? ಸೋಡಾ ಹಾಕಿದ ಬಿಸಿನೀರಿನಲ್ಲಿ ನೆನೆಸಿ ಉಜ್ಜಿದೆ. ಕಪ್ಪೆಲ್ಲ ಬಿಟ್ಟು ಫಿಲ್ಮ್ ಗಾಜಿನಂತಾಯಿತು. ಅವ್ವನ ಮಂಚದ ಪಕ್ಕದಲ್ಲೇ ಕೂತು ಬ್ಲೇಡಿನಿಂದ ಕೊರೆಯತೊಡಗಿದೆ.

“ನನ್ನ ಬೆನ್ನ ಕೊರದು ಹೂವ ಮಾಡಾಕತ್ತೀ,” ಎಂದು ನಕ್ಕಳು ಅವ್ವ. ಆಮೇಲೆ, “ಡಾಕ್ಟರ್ ಕೇಳಿದ್ರ ಏನ ಕೊಡ್ತಿ?” ಎಂದಳು.

“ಅವ್ರು ಇನ್ನ ಕೇಳಂಗಿಲ್ಲವ್ವ.”

ಹಳೆಯ ಫಿಲ್ಮ್‌ಗಳನ್ನು ಇನ್ನು ತರಬೇಕಾಗಿಲ್ಲ ಎಂದು ಡಾಕ್ಟರು ಅದಕ್ಕೆ ಮೊದಲಿನ ಭೇಟಿಯಲ್ಲಿ ಹೇಳಿದ್ದರು. ಅದರ ಅರ್ಥ ಅವ್ವನಿಗೆ ತಿಳಿಸುವುದು ಹೇಗೆಂದು ಒದ್ದಾಡುತ್ತಿದ್ದೆ. ತಿಳಿಸಿದ್ದು ಹೀಗೆ. ಅವ್ವ ನನ್ನ ಕೈಯಲ್ಲಿದ್ದ ಹಾಳೆಯತ್ತ ಕಣ್ಣು ಹೊರಳಿಸಿ, “ಎಸಳು ಸಣ್ಣು ಕೊರಿಬ್ಯಾಡ. ನನಗ ಕಾಣಂಗಿಲ್ಲ,” ಎಂದಳು.

ನೀಲಿಪುಡಿ ಸವರಿದ ದಾರವನ್ನು ಚೇಚಿ ಒಂದು ಕಡೆ, ನಾನೊಂದು ಕಡೆ ಬಿಗಿಯಾಗಿ ಹಿಡಿದು ಚಿಮ್ಮಿಸಿ ಛಾವಣಿಗೆ ಗೆರೆ ಹಾಕಿದೆವು. ಕೆಂಪು ಡಿಸ್ಟೆಂಪರನ್ನು ಗಟ್ಟಿಯಾಗಿ ಕಲಸಿ, ಸ್ಪಂಜನ್ನು ಚೆನ್ನಾಗಿ ಹಿಂಡಿ, ಅಚ್ಚಿನ ಮೇಲೆ ಒತ್ತಬೇಕು. ತೇವ ಹೆಚ್ಚಾದರೆ ಬಣ್ಣ ಅಚ್ಚಿನಡಿ ನುಗ್ಗಿ ಹೂವು ಕೆಡುತ್ತದೆ. ಅವ್ವ ಮಲಗಿದಲ್ಲಿಂದಲೇ ಎಡಕ್ಕೆ, ಬಲಕ್ಕೆ ಎನ್ನುವಳು. ನಾನು ಅವಳ ಕಾಲಿನ ಕಡೆಯಿಂದ, ಅವಳಿಗೆ ಎದುರಾಗಿ ನಿಂತಿದ್ದರಿಂದ ತಪ್ಪಾಗುತ್ತಿತ್ತು.

“ಇಷ್ಟ ಓದೀಯಲ್ಲ, ಎಡಾ ಬಲಾ ಕಲಿಸಲಿಲ್ಲೇನ ಸಾಲ್ಯಾಗ?”

ಮುಗಿದ ದಿನ ಚೇಚಿ “ಕೊಳ್ಳಾಂ” ಎಂದು ತಲೆದೂಗಿದರು. ಚೆನ್ನಾಗಿದೆ ಎಂದು. ಅವ್ವನೂ ಕಣ್ತುಂಬ ನೋಡಿದಳು. ಆದರೆ ಮಾರನೆಯ ಬೆಳಿಗ್ಗೆ ಮುಖ ಸಣ್ಣ ಮಾಡಿಕೊಂಡಿದ್ದಳು.

“ಇದು ನಿನ್ನೀದು. ಬೆಳಗಾದ ಮ್ಯಾಲ ನಿನ್ನಿ ರಂಗೋಲಿ ನೋಡಾಕ ಮನಸ್ಸ ಬರೂದಿಲ್ಲ.”

ಅಳಿಯದ ರಂಗೋಲಿ ರಂಗೋಲಿಯೇ ಅಲ್ಲ. ಅದು ನನ್ನ ತಲೆಗೆ ಹೋಗಿರಲಿಲ್ಲ. ದಿನಾ ಬದಲಿಸುವುದು ನನ್ನಿಂದಾಗುತ್ತಿರಲಿಲ್ಲ. ಭಾನುವಾರಕ್ಕೊಮ್ಮೆ ಎಂದು ರಾಜಿಯಾಯಿತು. ನೀರಿನ ಬಣ್ಣವಾದ್ದರಿಂದ ಒದ್ದೆ ಬಟ್ಟೆಗೆ ಹೋಗುತ್ತಿತ್ತು. ಅಂಚು ಹಾಗೆಯೇ ಬಿಟ್ಟು ನಡುವಿನದನ್ನು ಒರೆಸಿ, ಅಚ್ಚುಗಳನ್ನು ಹಿಂದುಮುಂದು ಜೋಡಿಸಿ ಹೊಸದು ಹಾಕುತ್ತಿದ್ದೆ. ಶನಿವಾರದಿಂದಲೇ ಅವ್ವ, “ಈ ಸಲ ಯಾವುದು?” ಎಂದು ಕೇಳತೊಡಗುತ್ತಿದ್ದಳು. ನೋವು ಹೆಚ್ಚಿದಂತೆ ಆ ಪ್ರಶ್ನೆ ಬುಧವಾರಕ್ಕೆ, ಮಂಗಳವಾರಕ್ಕೆ ಬಂತು. ಅವಳ ವಾರ ಉದ್ದವಾಗುತ್ತಿತ್ತು.

ಒಂದು ಭಾನುವಾರ ನಾನು ಸ್ಟೂಲು ಹತ್ತಿ ನಿಂತಾಗ, “ಇವತ್ತ ಅಂಚೂ ಅಳಸು. ಹೊಸಾದು ಹಾಕಬ್ಯಾಡ,” ಎಂದಳು.

“ಯಾಕವ್ವ?”

ಸ್ಟೂಲು ಹಿಡಿದಿದ್ದ ಚೇಚಿ ನನ್ನ ಮುಖ ನೋಡಿದರು. ಅವರಿಗೆ ನಾನೇನು ಹೇಳಲಿ? ನಮ್ಮ ಕಡೆ ಸಾವಾದ ಮನೆಯಲ್ಲಿ ರಂಗೋಲಿ ಇರಕೂಡದು. ಅವ್ವ ಹೋದ ದಿನ ಸ್ಟೂಲು ಹತ್ತಿ ಒರೆಸುವ ಕೆಲಸ ನನಗೆ ಉಳಿಯಬಾರದೆಂದು ಈಗಲೇ ಮುಗಿಸಿಕೊಳ್ಳುತ್ತಿದ್ದಳು.

ಒರೆಸಿದೆ. ಕೆಂಪು ನೀರು ಮೊಣಕೈವರೆಗೆ ಇಳಿಯಿತು. ಕಣ್ಣು ಮಂಜಾಗಿ ಕೈ ನಿಂತಿತು.

“ಆ ಮೂಲ್ಯಾಗ ಇನ್ನೊಂದು ಎಸಳ ಉಳದೈತಿ,” ಎಂದಳು ಅವ್ವ, ಕೆಳಗಿನಿಂದ.

ಅದನ್ನೂ ಒರೆಸಿದೆ. ಮುಂದಿನ ಭಾನುವಾರಕ್ಕೆ ಅವ್ವ ಇರಲಿಲ್ಲ.