ಬಾಲ್ಕನಿಗೆ ಬಿದ್ದ ರಾಗಿ ಡಬ್ಬಿ

ಸ್ವೀಡನ್ನಿನ ಉಪ್ಸಾಲಾದ ನಮ್ಮ ಮೂರನೇ ಮಹಡಿಯ ಮನೆಯಲ್ಲಿ ಆ ಚಳಿಗಾಲ ಪೂರ್ತಿ ಬಾರ್ಲಿಯದೇ ದರ್ಬಾರು. ಆಗ ನನಗೆ ಒಂಬತ್ತು ವರ್ಷ. ಯೂನಿವರ್ಸಿಟಿಯಲ್ಲಿ ಸಂಶೋಧಕರಾಗಿದ್ದ ಅಪ್ಪನಿಗೆ ಮನೆಯಲ್ಲೇ ಬಿಯರ್ ಮಾಡುವ ಹುಚ್ಚು ಹತ್ತಿತ್ತು. ಜೊತೆಯವರೆಲ್ಲ ಮಾಡುತ್ತಾರಂತೆ, ಫಿಕಾ ಎಂಬ ಕಾಫಿ ವಿರಾಮದ ಹೊತ್ತಿನಲ್ಲಿ ಅದೇ ಮಾತಂತೆ. ಅಪ್ಪನೋ, ಒಂದು ಲೋಟ ಕಾಫಿ ನೆಟ್ಟಗೆ ಬೆರೆಸಲು ಬಾರದ ಮಹಾಶಯರು!

ಬಿಯರಿಗೆಂದು ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಗೆ ಮಾಲ್ಟ್ ಎನ್ನುತ್ತಾರೆ. ಅದರ ಮೂಟೆ ಬಂದ ದಿನ ಅಪ್ಪ ಅಮ್ಮನಿಗೆ ಪಾಠ ಶುರುಮಾಡಿದರು. "ಚಳಿ ಇದ್ರೆ ಪರ್ವಾಗಿಲ್ಲ ಕಣೇ. ಚಳಿ, ಬಿಸಿ ಬದಲಾಗ್ತಾ ಇರ್ಬಾರ್ದು. ಕಾಳು ಬೆವರತ್ತೆ, ಬೂಷ್ಟು ಬರತ್ತೆ."

ಅಮ್ಮ ಕೆಲಸಕ್ಕೆ ಹೋದಮೇಲೆ ಮಾಲ್ಟನ್ನು ಪೊಟ್ಟಣ ಕಟ್ಟಿ ಫ್ರೀಜರಿಗೆ ತುರುಕಿದರು. ಜಾಗ ಸಾಲದೆ ಒಂದು ಡಬ್ಬಿಯನ್ನು ತೆಗೆದು ಬಾಲ್ಕನಿಯಲ್ಲಿಟ್ಟರು. ಅದರಲ್ಲಿ ಅಜ್ಜಿಯ ರಾಗಿ ಹಿಟ್ಟಿತ್ತು. ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಹುರಿದು, ಏಲಕ್ಕಿ ಹಾಕಿ ಬೀಸಿಸಿದ್ದು. ಅಮ್ಮನ ಅಮ್ಮ ಆಕೆ, ಮಂಡ್ಯದವಳು. ಆ ಅಕ್ಟೋಬರಿನಲ್ಲಷ್ಟೇ ತೀರಿಕೊಂಡಿದ್ದಳು. ನನಗೆ ಜ್ವರ ಬಂದಾಗ ಮಾತ್ರ ಅಮ್ಮ ಒಂದು ಚಮಚ ತೆಗೆದು ಹಾಲಿನಲ್ಲಿ ಕಾಯಿಸುತ್ತಿದ್ದಳು. ಮನೆಯೆಲ್ಲ ಘಮ್ಮೆನ್ನುತ್ತಿತ್ತು.

ನಾನು ನೋಡುತ್ತ ನಿಂತಿದ್ದೆ. "ಹೊರಗೂ ಮೈನಸ್ಸೇ, ಏನಾಗಲ್ಲ. ಅಮ್ಮಂಗೆ ಹೇಳ್ಬೇಡ" ಎಂದ ಅಪ್ಪ, ಅಲ್ಲಿನ ರೂಢಿಯಂತೆ ಶನಿವಾರ ಮಾತ್ರ ಕೊಡಲೆಂದು ತಂದಿಟ್ಟ ಕ್ಯಾಂಡಿಯಲ್ಲಿ ಒಂದು ಹಿಡಿ ಕೊಟ್ಟರು. ನಾನು ತಿಂದೆ.

ಮಾರ್ಚಿನಲ್ಲಿ ನಮ್ಮ ಗಾಜಿನ ಬಾಲ್ಕನಿ ಹಗಲು ಬಿಸಿಲಿಗೆ ಕಾಯುತ್ತಿತ್ತು, ರಾತ್ರಿ ಮತ್ತೆ ಹೆಪ್ಪುಗಟ್ಟುತ್ತಿತ್ತು. ನನಗೆ ಜ್ವರ ಬಂತು. ಅಮ್ಮ ಫ್ರೀಜರೆಲ್ಲ ಜಾಲಾಡಿ, ಕೊನೆಗೆ ಬಾಲ್ಕನಿಯಲ್ಲಿ ಡಬ್ಬಿ ಸಿಕ್ಕಾಗ ಅಲ್ಲೇ ಮುಚ್ಚಳ ತೆಗೆದಳು. ಒಳಗೆಲ್ಲ ನೀರಿನ ಹನಿ. ಹಿಟ್ಟು ಗಂಟುಗಟ್ಟಿ ಹಸಿರಾಗಿತ್ತು.

"ರೀ, ಬಾರ್ಲಿ ಮಾತ್ರ ಬೆವರತ್ತೆ ಅಂತ ಓದಿದ್ರಾ?"

"ಅಯ್ಯೋ, ಒಂದು ಡಬ್ಬಿ ಹಿಟ್ಟಿಗೆ ಇಷ್ಟು ರಂಪಾನಾ? ಸ್ಟಾಕ್‌ಹೋಮಲ್ಲಿ ಸಿಗತ್ತಲ್ಲ, ತಂದ್ರಾಯ್ತು."

ಅಮ್ಮ ನನ್ನ ಕಡೆ ತಿರುಗಿದಳು. "ನಿಂಗೆ ಗೊತ್ತಿತ್ತಾ ಪುಟ್ಟಿ?"

"ನೇಯ್" ಎಂದೆ ಸ್ವೀಡಿಷಿನಲ್ಲಿ. ಇಲ್ಲ ಎಂದು ಕನ್ನಡದಲ್ಲಿ ಹೇಳುವ ಧೈರ್ಯವಾಗಲಿಲ್ಲ.

ಬೇಸಿಗೆಯಲ್ಲಿ ಅಪ್ಪನ ಬಿಯರ್ ತಯಾರಾಯಿತು. ಪಾತ್ರೆ ತೊಳೆದ ನೀರಿನ ವಾಸನೆ. ಬಂದವರೆಲ್ಲ ಒಂದು ಗುಟುಕು ಕುಡಿದು ಹೊಗಳಿ, ಲೋಟ ಅಲ್ಲೇ ಇಟ್ಟು ಹೋದರು.

ಈಗ ಅಪ್ಪನ ಮಾಲ್ಟಿಗೆ ಪ್ರತ್ಯೇಕ ಫ್ರಿಜ್ ಇದೆ. ಫೋನ್ ಮಾಡಿದರೆ ಸಾಕು, ಅದೇ ಪುರಾಣ. ಥೂ ಎನಿಸುತ್ತದೆ. ಆದರೆ ಅವರಿಗೆ ಆ ಡಬ್ಬಿಯಲ್ಲಿದ್ದದ್ದು ಬರೀ ಹಿಟ್ಟು. ಅಜ್ಜಿಯದು ಎಂದು ಗೊತ್ತಿದ್ದೂ ಒಂದು ಹಿಡಿ ಕ್ಯಾಂಡಿಗೆ ಬಾಯಿ ಮುಚ್ಚಿಕೊಂಡವಳು ನಾನು. ಅವರಿಗಿಂತ ನಾನೇ ಅಸಹ್ಯ.

ಹೋದ ತಿಂಗಳು ಅಮ್ಮನ ಅಡುಗೆಮನೆಯಲ್ಲಿ ಅಂಗಡಿಯ ರಾಗಿ ಹಿಟ್ಟಿನ ಪ್ಯಾಕೆಟ್ ಸ್ಟವ್ ಪಕ್ಕದಲ್ಲೇ ಬಾಯಿ ತೆರೆದುಕೊಂಡು ಬಿದ್ದಿತ್ತು. "ಫ್ರೀಜರಲ್ಲಿ ಇಡಮ್ಮ, ಹಾಳಾಗತ್ತೆ" ಎಂದೆ.

"ಆಗ್ಲಿ ಬಿಡು" ಎಂದಳು ಅಮ್ಮ. "ಇನ್ನೊಂದು ತಂದ್ರಾಯ್ತು."