ಕರಿಬಸವಯ್ಯನವರ ಕಾರಿಗೆ ಗಿರಾಕಿ

ಕರಿಬಸವಯ್ಯನವರ ಕಾರು ಹತ್ತುವ ಮೊದಲು ಚಪ್ಪಲಿಯ ಮಣ್ಣು ಕೊಡವಬೇಕಿತ್ತು. ಒಳಗೆ ಕಡಲೆಕಾಯಿ ಸುಲಿಯುವಂತಿರಲಿಲ್ಲ, ಬಾಗಿಲನ್ನು ದಬಾರನೆ ಹಾಕುವಂತಿರಲಿಲ್ಲ. ಅರಸೀಕೆರೆಯ ಕೊಬ್ಬರಿ ಮಂಡಿಯಲ್ಲಿ ಮೂವತ್ತು ವರ್ಷ ದಲ್ಲಾಳಿಯಾಗಿ ದುಡಿದು ೨೦೦೫ರಲ್ಲಿ ಕೊಂಡ ಬಿಳಿ ಝೆನ್ ಅದು. ಸೋಮವಾರ ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಕಾರನ್ನು ತೊಳೆದು ಒರೆಸಿ, ಸ್ಟೇರಿಂಗಿಗೆ ವಿಭೂತಿ ಹಚ್ಚಿದ ಮೇಲೆಯೇ ಅವರಿಗೆ ತಿಂಡಿ. ಹದಿನೈದು ವರ್ಷ ತುಂಬಿ ಎಫ್‌ಸಿ ಮಾಡಿಸಲು ಆರ್‌ಟಿಓ ಆಫೀಸಿಗೆ ಹೋದಾಗ, ಇದು ನಿಜವಾಗಿ ಯಾವ ವರ್ಷದ್ದು ಎಂದು ಅಲ್ಲಿನವರು ಎರಡು ಸಲ ಕೇಳಿದ್ದರಂತೆ.

ಈ ಕಟ್ಟುಪಾಡೆಲ್ಲ ಮೈ ನೆಟ್ಟಗಿದ್ದವರಿಗೆ ಮಾತ್ರ. ನಮ್ಮೂರು ಹಾರನಹಳ್ಳಿಯಲ್ಲಿ ಯಾರಿಗೆ ಎದೆ ನೋವು ಬಂದರೂ, ಯಾವ ಹೆಂಗಸಿಗೆ ಹೆರಿಗೆ ಬೇನೆ ಎದ್ದರೂ, ಮೊದಲು ಬಡಿಯುತ್ತಿದ್ದದ್ದು ಇವರ ಬಾಗಿಲು. ಅಂಗಿ ತೊಟ್ಟುಕೊಳ್ಳುತ್ತಲೇ ಹೊರಗೆ ಬರುತ್ತಿದ್ದರು. ಸೀಟಿನ ಮೇಲೆ ವಾಂತಿಯಾದರೂ ರಕ್ತವಾದರೂ ಚಕಾರ ಎತ್ತಿದವರಲ್ಲ. ಮಾರನೆಯ ದಿನ ಅವರೇ ತೊಳೆಯುತ್ತಿದ್ದರು. ಪೆಟ್ರೋಲಿಗೆ ಇರಲಿ ಎಂದು ದುಡ್ಡು ಕೊಡಲು ಹೋದವರಿಗೆ ಬೈಗುಳ ಸಿಗುತ್ತಿತ್ತು.

ಎಂಟು ವರ್ಷದ ಹಿಂದೆ ಹಾಸನದ ಆಸ್ಪತ್ರೆಯವರು ನನ್ನ ಅವ್ವನನ್ನು ಮನೆಗೆ ಕರೆದುಕೊಂಡು ಹೋಗಿ ಎಂದುಬಿಟ್ಟರು. ಫೋನ್ ಮಾಡಿದ ಅರ್ಧ ಗಂಟೆಯಲ್ಲಿ ಈ ಮನುಷ್ಯ ಊರಿಂದ ಹೊರಟಿದ್ದರು. ದುದ್ದ ದಾಟಿದ ಮೇಲೆ ಹಿಂದಿನ ಸೀಟಿನಲ್ಲಿ, ನನ್ನ ತೊಡೆಯ ಮೇಲೆ, ಅವ್ವನ ಉಸಿರು ನಿಂತಿತು. ಅವರು ಕನ್ನಡಿಯಲ್ಲಿ ನನ್ನ ಮುಖ ನೋಡಿದರು. ಅವ್ವನಿಗೆ ಅಲುಗಾಟ ಆಗಬಾರದೆಂಬಂತೆ ಅಲ್ಲಿಂದ ಊರ ತನಕ ನಿಧಾನವಾಗಿ ಓಡಿಸಿದರು. ಅವತ್ತಿನಿಂದ ನಾನು ಅವರನ್ನು ದೊಡ್ಡಪ್ಪ ಎನ್ನುತ್ತೇನೆ, ಅವರ ಹೆಂಡತಿ ಶಾಂತಾದೇವಿಯವರನ್ನು ದೊಡ್ಡಮ್ಮ ಎನ್ನುತ್ತೇನೆ. ಕರೆಯುವುದಕ್ಕೇನು, ಬಾಯಿಗೆ ಖರ್ಚಿಲ್ಲ.

ಹೋದ ವರ್ಷ ದೊಡ್ಡಪ್ಪನ ಎಡಗಣ್ಣು ಮಂಜಾಯಿತು. ಇನ್ನು ಗಾಡಿ ಓಡಿಸಬೇಡಿ ಎಂದರು ಡಾಕ್ಟರು. ಅದೇ ಹೊತ್ತಿಗೆ ದೊಡ್ಡಮ್ಮನ ಮಂಡಿ ಪೂರಾ ಸವೆದು, ಕೂತರೆ ಏಳಲಾಗದ ಹಾಗಾಯಿತು. ಆಪರೇಷನ್ನಿಗೆ ಕೂಡಿಟ್ಟದ್ದು ಸಾಲದು, ಇನ್ನೂ ಎಂಬತ್ತು ಸಾವಿರ ಬೇಕು. ಬೇಲೂರಿಗೆ ಕೊಟ್ಟ ಮಗಳು ಅಕ್ಷತಾ ತಾನು ಕೊಡುತ್ತೇನೆ ಎಂದು ಅತ್ತಳು. ಕೊಟ್ಟ ಮನೆಯಿಂದ ತರುವುದಿಲ್ಲ ಎಂದು ಇವರ ಹಠ. ಕಾರು ಮಾರಿ ಮಂಡಿ ಮಾಡಿಸುವುದೆಂದು ತೀರ್ಮಾನವಾಯಿತು.

ಮೊದಲು ಬಂದವರು ಗೆಂಡೆಹಳ್ಳಿಯ ಮೋಹನ್‌ಕುಮಾರ್ ಮತ್ತು ಅವನ ತಾಯಿ ಗಿಡ್ಡಮ್ಮ. ಕಾರು ನೋಡಿದರು, ಓಡಿಸಿದರು, ಬಾನೆಟ್ ಎತ್ತಿಸಿದರು. ಗಿಡ್ಡಮ್ಮ ಸೀಟನ್ನು ಕೈಯಲ್ಲಿ ಸವರಿ, "ಮದ್ವೆಮನೆ ಸೋಫಾ ಇದ್ದಂಗೈತೆ" ಅಂದರಂತೆ. ತೊಂಬತ್ತೈದು ಸಾವಿರಕ್ಕೆ ಮಾತಾಯಿತು. ಶುಕ್ರವಾರ ದುಡ್ಡು ತಂದು ಗಾಡಿ ಒಯ್ಯುವುದೆಂದೂ ಆಯಿತು. ದೊಡ್ಡಪ್ಪ ಅವರೆದುರಿಗೇ ಆಸ್ಪತ್ರೆಗೆ ಫೋನ್ ಮಾಡಿ ದಿನ ಕೇಳಿದರು.

ನಮ್ಮ ಕಡೆ ಹೆಣ್ಣು ತರುವಾಗಲೂ ಎತ್ತು ತರುವಾಗಲೂ ಅಕ್ಕಪಕ್ಕ ಒಂದು ಮಾತು ವಿಚಾರಿಸುವುದು ರೂಢಿ. ತಾಯಿ ಮಗ ಬಸ್ಸಿಗೆಂದು ಬಂದವರು, ಸ್ಟ್ಯಾಂಡಿನ ಎದುರಿಗಿರುವ ನನ್ನ ಹಿಟ್ಟಿನ ಗಿರಣಿಗೆ ಬಂದು ನಿಂತರು.

"ಕರಿಬಸವಯ್ಯನೋರ ಗಾಡಿ ಹೆಂಗೆ ಸಾರ್? ನಂಬಬೋದಾ?" ಎಂದ ಮೋಹನ್‌ಕುಮಾರ್.

ನಾನು ಗಿರಣಿ ನಿಲ್ಲಿಸಿದೆ. ಆ ಮನುಷ್ಯನಿಗೆ ಒಂದು ಉಪಕಾರ ಮಾಡುವ ಅವಕಾಶ ಕೊನೆಗೂ ಸಿಕ್ಕಿತಲ್ಲ ಎಂದು ಎದೆ ಉಬ್ಬಿತ್ತು. "ಗಾಡಿ ಅಂತೀರಾ? ಈ ಊರಿನ ಜೀವ ಕಣ್ರೀ ಅದು. ನಮ್ಮವ್ವನ ಹಾಸನದಿಂದ ಕರ್ಕೊಂಡು ಬಂದಿದ್ದು ಅದ್ರಲ್ಲೇ. ದಾರೀಲಿ ನನ್ ತೊಡೆ ಮೇಲೇ ಜೀವ ಹೋಯ್ತು. ಒಂದು ಕುಲುಕು ಆಗ್ಲಿಲ್ಲ, ಅಂಗೆ ತಂದು ಮನೆ ಮುಂದೆ ಇಳಿಸಿದ್ರು" ಅಂದೆ.

ರಾಗಿ ಬೀಸಿಸಲು ಕೂತಿದ್ದ ಕೆಂಚಯ್ಯ ಸುಮ್ಮನಿರುತ್ತಾನೆಯೇ? "ನಮ್ಮಣ್ಣನೂ ಅದ್ರಲ್ಲೇ ಹೋಗಿದ್ದು. ಹಾವು ಕಚ್ಚಿತ್ತು. ಅರಸೀಕೆರೆ ಮುಟ್ಟೋದ್ರೊಳಗೆ ಮುಗೀತು. ಅಂಥಾ ಹೊತ್ನಾಗೂ ಅಯ್ನೋರು ಬೇಜಾರು ಮಾಡ್ಕಳ್ಲಿಲ್ಲ" ಅಂದ. ಇನ್ನಿಬ್ಬರು ತಮ್ಮ ತಮ್ಮ ಮನೆಯ ಕತೆ ಸೇರಿಸಿದರು. ಯಾರ ಮನೆಯ ಸಾವು ದೊಡ್ಡದೆಂದು ಪೈಪೋಟಿಗೆ ಬಿದ್ದವರ ಹಾಗೆ ನಾವು ಆ ಮನುಷ್ಯನನ್ನು ಹೊಗಳಿದೆವು.

ಗಿಡ್ಡಮ್ಮ ಸೀಟು ಸವರಿದ್ದ ಕೈಯನ್ನು ಸೆರಗಿಗೆ ಒರೆಸಿಕೊಂಡರು. "ನಡಿಯಪ್ಪ, ಬಸ್ ಬತ್ತೈತೆ" ಎಂದು ಅವರು ಮಗನ ತೋಳು ಹಿಡಿದರು. ಶುಕ್ರವಾರ ಯಾರೂ ಬರಲಿಲ್ಲ. ದೊಡ್ಡಪ್ಪ ಫೋನ್ ಮಾಡಿದರೆ, "ಅವ್ವ ಒಪ್ತಿಲ್ಲ ಸಾರ್" ಅಂತ ಉತ್ತರ.

ಸುದ್ದಿ ಆ ಬಸ್ಸಿನಲ್ಲಿಯೇ ಹೋಗಿರಬೇಕು. ಮೊಬೈಲಿನಲ್ಲಿ ಫೋಟೋ ನೋಡಿ ಹಳೇಬೀಡಿನಿಂದ ಬಂದ ಒಬ್ಬ, ಸ್ಟ್ಯಾಂಡಿನಲ್ಲಿ ಟೀ ಕುಡಿದು ಅಲ್ಲಿಂದಲೇ ವಾಪಸ್ ಹೋದ. ಅರಸೀಕೆರೆಯ ಬ್ರೋಕರ್ ಶಶಿಕಿರಣ್ ಮನೆಗೇ ಬಂದು, ಕಾರಿನ ಸುತ್ತ ಒಂದು ಸುತ್ತು ಹಾಕಿ, "ಹೆಣ ಸಾಗಿಸಿದ ಗಾಡಿ ಅಂತ ಹೆಸರು ಬಿದ್ದೋಗಿದೆ ಯಜಮಾನ್ರೇ. ಬಿಡಿಭಾಗಕ್ಕೆ ಕೊಡೋದಾದ್ರೆ ಮೂವತ್ತೆರಡು ಕೊಡ್ತೀನಿ" ಅಂದ. ಈ ಇಪ್ಪತ್ತು ವರ್ಷದಲ್ಲಿ ಆ ಸೀಟಿನಲ್ಲಿ ಬಿದ್ದುಕೊಂಡು ಹೋಗಿ ಬದುಕಿ ಬಂದವರು ಊರಲ್ಲಿ ನಲವತ್ತು ಜನ ಇದ್ದಾರೆ. ಅವರ ಲೆಕ್ಕ ಯಾರೂ ಹೇಳಲಿಲ್ಲ. ನಾನೂ ಹೇಳಿರಲಿಲ್ಲ.

ಆಮೇಲೆ ಒಂದು ಮಧ್ಯಾಹ್ನ ದೊಡ್ಡಪ್ಪ ಗಿರಣಿಗೆ ಬಂದರು. ನನ್ನ ಮೇಲೆ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

"ನೀನೂ ಒಂದು ಹಳೇ ಗಾಡಿ ನೋಡ್ತಿದ್ದೀಯಂತಲ್ಲಪ್ಪ. ಇದನ್ನೇ ತಗೋ. ಎಂಬತ್ತು ಕೊಡು ಸಾಕು, ಆಪರೇಷನ್ನಿಗೆ ಅಷ್ಟೇ ಕಮ್ಮಿ ಬಿದ್ದಿರೋದು. ನೀನಾದ್ರೆ ಚೆನ್ನಾಗಿ ನೋಡ್ಕೋತೀಯ."

ನನ್ನ ಬ್ಯಾಂಕಿನಲ್ಲಿ ಒಂದು ಲಕ್ಷದ ಮೇಲಿತ್ತು. ನಿಜ ಹೇಳಬೇಕೆಂದರೆ, ಆ ಹಿಂದಿನ ಸೀಟು ದಿನಾ ನನ್ನ ಮನೆ ಮುಂದೆ ನಿಂತಿರುವುದು ನೆನೆಸಿಕೊಂಡೇ ನಾನು ಹೆದರಿದೆ. "ಮನೇಲಿ ಒಂದು ಮಾತು ಕೇಳಿ ಹೇಳ್ತೀನಿ ದೊಡ್ಡಪ್ಪ" ಅಂದೆ. ಕೇಳಲಿಲ್ಲ. ಮಾರನೆಯ ದಿನ ಹೋಗಿ, ಹೆಂಡತಿಯ ಮೇಲೆ ಹಾಕಿ, "ಪುಷ್ಪಲತಾ ಬೇಡ ಅಂತವ್ಳೆ, ಅವ್ಳಿಗೆ ಒಂಥರಾ ಭಯ" ಅಂದೆ.

"ಹೆಣ್ಣುಮಕ್ಕಳು ಕಣಪ್ಪ, ಬಲವಂತ ಮಾಡ್ಬೇಡ" ಅಂದರು ದೊಡ್ಡಪ್ಪ. ಒಳಗೆ ದೊಡ್ಡಮ್ಮ ಕಾಫಿ ಲೋಟ ಹಿಡಿದು, ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದರು. ಆ ಕಾಫಿಯನ್ನು ಕುಡಿದೇ ಬಂದೆ.

ಮುಂದಿನ ವಾರ ಶಶಿಕಿರಣ್ ಕಾರು ಒಯ್ದ. ಒಯ್ಯುವ ಮುಂಚೆಯೂ ದೊಡ್ಡಪ್ಪ ಗಾಜು ಒರೆಸಿದರೆಂದು ಜನ ಹೇಳಿದರು. ಮೂವತ್ತೆರಡು ಸಾವಿರ ಸಾಲದೆ ಆಪರೇಷನ್ ನಿಂತುಹೋಯಿತು. ನಾನು ತಿಪಟೂರಿಗೆ ಹೋಗಿ ಬೂದು ಬಣ್ಣದ ಒಂದು ಕಾರು ತಂದೆ. ಅದರಲ್ಲಿ ಯಾರು ಸತ್ತಿದ್ದರೋ, ನಾನು ವಿಚಾರಿಸಲಿಲ್ಲ.

ಒಂದು ತಿಂಗಳಾದ ಮೇಲೆ ಪುಷ್ಪಲತಾ ದೊಡ್ಡಮ್ಮನನ್ನು ಮಾತಾಡಿಸಲು ಹೋಗಿದ್ದವಳು ಬೇಗ ವಾಪಸ್ ಬಂದಳು. ನಾನು ಊಟಕ್ಕೆ ಕೂತಿದ್ದೆ.

"ಕಾರು ಬೇಡ ಅಂದಿದ್ದಕ್ಕೆ ಮನಸ್ಸಿಗೆ ಹಚ್ಕೋಬೇಡ ಕಣಮ್ಮ ಅಂತ ನಂಗೇ ಸಮಾಧಾನ ಹೇಳಿ ಕಳಿಸಿದ್ರು ದೊಡ್ಡಮ್ಮ. ನನ್ನ ಯಾವಾಗ ಕೇಳಿದ್ರಿ ನೀವು?"

ನಾನು ಇನ್ನೊಂದು ತುತ್ತು ಮುದ್ದೆ ಮುರಿದೆ.

"ಅತ್ತೆ ಕೊನೇ ಉಸಿರು ಬಿಟ್ಟ ಜಾಗ ಅದು. ಕೇಳಿದ್ರೆ ಬಳೆ ಅಡವಿಟ್ಟಾದ್ರೂ ತಗೊಳ್ಳಿ ಅಂತಿದ್ದೆ" ಅಂದಳು. ದನಿ ಏರಿಸಲಿಲ್ಲ. ಅನ್ನ ಬಡಿಸಿ ಒಳಗೆ ಹೋದಳು.

ಈಗ ದೊಡ್ಡಮ್ಮ ಗೋಡೆ ಹಿಡಿದು ನಡೆಯುತ್ತಾರೆ. ಬೆಳಿಗ್ಗೆ ನಲ್ಲಿ ಬರುವ ಹೊತ್ತಿಗೆ ಪುಷ್ಪಲತಾ ಹೋಗಿ ನೀರು ತುಂಬಿಕೊಟ್ಟು, ಅಂಗಳ ಗುಡಿಸಿ ಬರುತ್ತಾಳೆ. ಬೇಡ ಅಂದವಳು ತಾನಲ್ಲವೆಂದು ಅವಳು ಅಲ್ಲಿ ಇವತ್ತಿಗೂ ಹೇಳಿಲ್ಲ. ನಾನು ಆ ಬೀದಿಗೆ ಹೋಗುವುದಿಲ್ಲ.